ಅವಳು ತಪ್ಪಿಲ್ಲದೆ ಹೇಳಿದ ವಾಕ್ಯ

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಸ್ಟ್ರೆಚರ್ ನಿಂತಾಗ ಹೆಂಡತಿ ನನ್ನತ್ತ ತಿರುಗಿ, ನಕ್ಕು, ‘ಐ ಆ್ಯಮ್ ಗೋಯಿಂಗ್’ ಎಂದಳು. ಒಂದೂ ತಪ್ಪಿರಲಿಲ್ಲ.

ನೆಹರು ನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹೊರರಾಜ್ಯದ ಮೆಡಿಕಲ್ ಹುಡುಗಿಯರೊಡನೆ ಮಾತಾಡಬೇಕೆಂದು ಅವಳು ನನ್ನಿಂದ ಇಂಗ್ಲಿಷ್ ಕಲಿಯುತ್ತಿದ್ದಳು. ಬೆಳಗಿನ ಚಹಾ ಮುಗಿದ ಕೂಡಲೇ ಪಾಠ. ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಆದರೆ ‘ಗೋ’ ಬಂದರೆ ಸಾಕು, ‘ಐ ಗೋ ಆ್ಯಂಡ್ ಕಮ್’ ಎನ್ನುತ್ತಿದ್ದಳು. ಬರುವ ಮಾತೆತ್ತದೆ ಬರೀ ‘ಹೋಗ್ತೇನಿ’ ಎಂದು ಹೊಸ್ತಿಲು ದಾಟುವುದು ಹಲಸಿ ಹಳ್ಳಿಯ ಅವಳ ತವರಿನಲ್ಲಿ ಅಪಶಕುನ.

‘ಗೋಯಿಂಗ್ ಅಂದ್ರ ಸಾಕು, ಕಮ್ ಬ್ಯಾಡ’ ಎಂದು ತಿದ್ದಿದರೆ, ‘ಯಾಕ್ರಿ, ನಿಮ್ಮ ಇಂಗ್ಲಿಷಿನವರು ಮನಿ ಬಿಟ್ಟು ಹೋದ್ರ ತಿರುಗಿ ಬರೂದಿಲ್ಲೇನು?’ ಎಂದು ಕೆಣಕುತ್ತಿದ್ದಳು.

ಅಂದು ನನ್ನನ್ನು ಸಂತೋಷಪಡಿಸಲೆಂದೇ ಸರಿಯಾಗಿ ಹೇಳಿದಳೇನೋ. ಒಳಗೆ ಹೋದವಳು ಜೀವಂತ ಹೊರಗೆ ಬರಲಿಲ್ಲ.

ಈಗಲೂ ಅದೇ ಹೊತ್ತಿಗೆ ಚಹಾ ಮಾಡುತ್ತೇನೆ, ಆಮೇಲೆ ವಾಕಿಂಗ್ ಹೊರಡುತ್ತೇನೆ. ಬೀಗ ಹಾಕುವಾಗ ಖಾಲಿ ಮನೆಗೆ ‘ಹೋಗಿ ಬರ್ತೇನಿ’ ಎನ್ನುತ್ತೇನೆ. ‘ಲಗೂ ಬರ್ರಿ’ ಎನ್ನುವವರಿಲ್ಲ.