ಬಾಗಿಲಿನಿಂದಲೇ ಗುರುತು

ನೋಫ್ರಿ ಕುಳಿತು ಉಂಡದ್ದನ್ನು ನಮ್ಮೂರು ಮೊಂತೆರಾಲ್ದೊದಲ್ಲಿ ಕಂಡವರಿಲ್ಲ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಕುಂಚ. ದಾರಿಯಲ್ಲಿ ಹೊಸ ಗೋಡೆ ಕಂಡರೆ ನಿಂತು ಉಗುರಿನಿಂದ ಸುಣ್ಣ ಕೆರೆದು ನೋಡಿ ಮತ್ತೆ ನಡೆಯುವನು. "ಇವರನ್ನ ಹೊತ್ತಾಗ ನಮ್ಮತ್ತೆ ಇರುವೆ ಗೂಡಿನ ಮೇಲೆ ಮಲಗಿದ್ರೋ ಏನೋ" ಎಂದು ಅವನ ಹೆಂಡತಿ ಮೇಯಾ ಬಾವಿಕಟ್ಟೆಯಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದಳು. ಚಿತ್ರಗಾರರಲ್ಲಿ ಅವನು ದೊಡ್ಡವನಲ್ಲ. ಫ್ಲಾರೆನ್ಸಿನಲ್ಲಾಗಿದ್ದರೆ ಇನ್ನೊಬ್ಬರಿಗೆ ಬಣ್ಣ ಅರೆದುಕೊಂಡಿರುತ್ತಿದ್ದನೇನೋ. ಅವನು ಸತ್ತ ಮೇಲೆ ಊರವರು ಅವನ ಬಗ್ಗೆ ಒಂದು ಸಿಹಿ ಕಥೆ ಕಟ್ಟಿದ್ದಾರೆ. ಆ ಕಥೆ ಸುಳ್ಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವನಿಗೆ ಬೇಕಾಗಿದ್ದದ್ದು ಒಂದೇ: ಸಂತ ಆಗ್ನೇಸಳ ಹೆಸರಿನ ಸನ್ಯಾಸಿನಿಯರ ಮಠದ ಊಟದ ಮನೆಯ ಗೋಡೆ. ಬೆಳಕು ಎಡದಿಂದ ಬಂದು ಆ ಗೋಡೆಯ ತುಂಬ ಹರಡುತ್ತಿತ್ತು. ಅಲ್ಲಿ ದೇವಮಾತೆಯನ್ನು ಬರೆಯಬೇಕೆಂದು ಮದುವೆಗೆ ಮುಂಚಿನಿಂದ ಹಂಬಲಿಸಿದ್ದ. ಉಣ್ಣೆಯ ವ್ಯಾಪಾರಿ ಬಾಲ್ದೊ ವನ್ನೆಲ್ಲಿ ದೊಡ್ಡ ಚರ್ಚಿನಲ್ಲಿ ತನ್ನ ಮನೆತನದ ಬಲಿಪೀಠಕ್ಕೆ ಅವನಿಂದ ಚಿತ್ರ ಬರೆಸಿದಾಗ ಆ ಆಸೆಗೆ ದಾರಿಯಾಯಿತು. ಬಾಲ್ದೊ ನೋಫ್ರಿಯ ಮಗಳನ್ನು ದೀಕ್ಷಾಸ್ನಾನದಲ್ಲಿ ಎತ್ತಿಕೊಂಡವನು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಂಪಾರೆ' ಎಂದೇ ಕರೆಯುತ್ತಿದ್ದರು. ನಮ್ಮಲ್ಲಿ ಆ ನಂಟು ರಕ್ತಸಂಬಂಧಕ್ಕಿಂತ ಗಟ್ಟಿ.

ಕರಾರನ್ನು ಬರೆದದ್ದು ಊರಿನ ಪತ್ರಬರಹಗಾರನಾಗಿದ್ದ ನನ್ನ ತಂದೆ. ದೇವಮಾತೆಯ ಮೇಲುಹೊದಿಕೆಗೆ ಒಳ್ಳೆಯ ನೀಲಿ, ಕೆಳಗೆ ಮೂಲೆಯಲ್ಲಿ ಮೊಣಕಾಲೂರಿದ ಬಾಲ್ದೊ, ಅವನೂ ದೇವಮಾತೆಯಷ್ಟೇ ದೊಡ್ಡವನಾಗಿ. ಕೊನೆಯಲ್ಲಿ ಬಾಲ್ದೊ ತಾನೇ ಹೇಳಿ ಸೇರಿಸಿದ ಮಾತು: 'ಚರ್ಚಿನ ಬಾಗಿಲಿನಿಂದಲೇ ಗುರುತು ಸಿಗತಕ್ಕದ್ದು.'

ಮಾದರಿಗೆಂದು ಕೂತಾಗ ಬಾಲ್ದೊನ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಮೂಗು ಸ್ವಲ್ಪ ಸಣ್ಣದು ಮಾಡೋ ಕೊಂಪಾರೆ."

"ಮಾಡಬಹುದು. ಆಮೇಲೆ ದೇವಮಾತೆ ಇದ್ಯಾರಪ್ಪ ಅಂತ ಕೇಳಿದ್ರೆ ನನ್ನನ್ನ ಕರೀಬೇಡಿ."

"ಎಲ್ಲಿ ನೋಡ್ಲಿ?"

"ಮೇಲೆ. ತಪ್ಪು ಮಾಡಿ ಅಮ್ಮನ ಮುಂದೆ ನಿಂತಿದ್ದೀರಿ ಅಂದ್ಕೊಳ್ಳಿ."

ಬಾಲ್ದೊ ಮೇಲೆ ನೋಡಿದ. ಅಷ್ಟು ಹೊತ್ತು ಹರಟಿದವನ ಮುಖ ಇದ್ದಕ್ಕಿದ್ದಂತೆ ಬರಿದಾಯಿತು. ಬೇಡುವ ಮುಖವಾಯಿತು. ನೋಫ್ರಿ ಅದನ್ನು ಬಿಡದೆ ಹಿಡಿದ. ಕಾಗದದ ಮೇಲಿನ ಗೆರೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿ, ಆ ತೂತುಗಳ ಮೇಲೆ ಇದ್ದಿಲು ಪುಡಿಯ ಗಂಟು ತಟ್ಟಿ, ಮುಖವನ್ನು ಹಲಗೆಗೆ ಇಳಿಸಿದ. ಕಾಗದವನ್ನು ಪೆಟ್ಟಿಗೆಯಲ್ಲಿಟ್ಟ. ಚಿತ್ರ ನೋಡಿದ ಮಠದ ತಾಯಿ, ಬರುವ ವಸಂತಕ್ಕೆ ಊಟದ ಮನೆಯ ಗೋಡೆ ನಿನಗೇ ಎಂದು ಮಾತು ಕೊಟ್ಟರು.

ವಸಂತಕ್ಕೆ ಮುಂಚೆ ಬಾಲ್ದೊ ದ್ರೋಹಿಯಾದ. ಪೂರ್ವದ ಹೆಬ್ಬಾಗಿಲು ಅವನ ಕಾವಲಿನಲ್ಲಿತ್ತು. ಊರಿನಿಂದ ಗಡೀಪಾರಾಗಿದ್ದ ಎದುರು ಪಕ್ಷದವರ ಸೈನಿಕರಿಗೆ ಅದನ್ನು ತೆರೆದಿಟ್ಟ. ಕುರಿ ಹೊಡೆದುಕೊಂಡು ಬರುತ್ತಿದ್ದವರು ನೋಡಿ ಕೂಗಿದ್ದರಿಂದ ಊರು ಉಳಿಯಿತು, ಬಾಲ್ದೊ ತಪ್ಪಿಸಿಕೊಂಡ. ಅವನ ಮನೆಯನ್ನು ಕೆಡವಿದರು. ಬಲಿಪೀಠದ ಚಿತ್ರದಲ್ಲಿ ಅವನ ಮುಖವನ್ನು ಚಾಕುವಿನಿಂದ ಹೆರೆದುಹಾಕಿದರು. ಸಿಕ್ಕದ ದ್ರೋಹಿಯನ್ನು ಏನು ಮಾಡಬೇಕೆಂಬುದಕ್ಕೂ ನಮ್ಮಲ್ಲಿ ಕ್ರಮವಿದೆ: ಒಂದು ಕಾಲಿಗೆ ಹಗ್ಗ ಕಟ್ಟಿ ತಲೆಕೆಳಗಾಗಿ ನೇತುಹಾಕಿದ ಹಾಗೆ ಅವನ ಚಿತ್ರವನ್ನು ಸಭಾಭವನದ ಗೋಡೆಯ ಮೇಲೆ ಬರೆಸುತ್ತಾರೆ. ಹೋಗಿ ಬರುವವರು ಅದಕ್ಕೆ ಕೆಸರೆರಚುತ್ತಾರೆ.

ಸಭೆಯ ಮುಖ್ಯಸ್ಥ ರಿನಿಯೇರಿ ನೋಫ್ರಿಯನ್ನು ಕರೆಸಿದ.

"ಅವನ ಮುಖ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾವಿ ಹತ್ರ ನಿಂತ್ರೂ ಗುರುತು ಸಿಗಬೇಕು."

"ಬೇರೆ ಊರಿಂದ ಯಾರನ್ನಾದ್ರೂ ಕರೆಸಬಹುದಲ್ವಾ ಸ್ವಾಮಿ?"

"ಕರೆಸಬಹುದು. ಆಮೇಲೆ ಹೆಬ್ಬಾಗಿಲಿನ ವಿಷಯ ಅವನ ಕೊಂಪಾರೆಗೆ ಏನೇನು ಗೊತ್ತಿತ್ತು ಅಂತಲೂ ವಿಚಾರಿಸಬಹುದು."

ಮನೆಯಲ್ಲಿ ಮೇಯಾ ಕಡಲೆ ಬೇಯಿಸುತ್ತಿದ್ದಳು. ನೋಫ್ರಿ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ತಿರುಗಿದ.

"ನಿಲ್ರೀ ಒಂದು ಕಡೆ, ತಲೆ ತಿರುಗುತ್ತೆ! ನೇಣು ಬರೆದ ಕೈಗೆ ತಾಯಿ ತಮ್ಮ ಗೋಡೆ ಕೊಡ್ತಾರಾ?"

"ಕೊಡಲ್ಲ."

"ಬರೀದಿದ್ರೆ?"

"ಬರೆಯೋಕೆ ಕೈ ಇರಬೇಕಲ್ಲ."

ಅವನು ಒಪ್ಪಿಕೊಂಡ. ಆದರೆ ದ್ರೋಹಿಯ ಮುಖ ಅವನಿಗೆ ಮೂಡಲಿಲ್ಲ. ಇದ್ದಿಲಿನಲ್ಲಿ ಬರೆದದ್ದೆಲ್ಲ ಒಮ್ಮೆ ಕಟುಕನಾಗುತ್ತಿತ್ತು, ಒಮ್ಮೆ ಯಾರೂ ಅಲ್ಲದವನಾಗುತ್ತಿತ್ತು. ಅತ್ತ ಗಾರೆಯವನು ಗೋಡೆಗೆ ಹಸಿ ಸುಣ್ಣ ಬಳಿದು ಇಳಿದಿದ್ದ. ಅದು ಒಣಗುವ ಮೊದಲು ಬಣ್ಣ ಬೀಳದಿದ್ದರೆ ಹಿಡಿಯುವುದಿಲ್ಲ. ಕೆಳಗೆ ನೆರೆದವರು "ಕೊಂಪಾರೆಗೆ ಕನಿಕರ ಬಂತೇನೋ!" ಎಂದು ಕೂಗುತ್ತಿದ್ದರು. ನೋಫ್ರಿ ಮನೆಗೆ ಓಡಿ ಪೆಟ್ಟಿಗೆಯಲ್ಲಿದ್ದ ಆ ಚುಚ್ಚಿದ ಕಾಗದ ತಂದ, ತಲೆಕೆಳಗು ಮಾಡಿ ಗೋಡೆಗೆ ಹಿಡಿದ, ಇದ್ದಿಲು ತಟ್ಟಿದ. ಕಾಲು, ಹಗ್ಗ, ಜಾರಿಬಿದ್ದ ಮೇಲಂಗಿ ಎಲ್ಲ ಸಲೀಸಾಗಿ ಬಂದವು. ಮುಖ್ಯಸ್ಥನಿಗೆ ಮೆಚ್ಚಿಗೆಯಾಯಿತು. ಕೆಸರು ಬಿತ್ತು.

ಕೆಲವು ದಿನ ಕಳೆದ ಮೇಲೆ ಮೊಟ್ಟೆ ಮಾರುವ ಮುದುಕಿ ಜಿಯೋವಾ ಬುಟ್ಟಿ ಇಳಿಸಿ ಕತ್ತು ಓರೆ ಮಾಡಿ ನಿಂತಳು.

"ಏನ್ ನೋಡ್ತೀಯೇ ಅಜ್ಜೀ, ಗಂಡು ಹುಡುಕ್ತಿದ್ದೀಯಾ?" ಎಂದರು ಯಾರೋ.

"ಬಾಯಿ ಮುಚ್ಚೋ ಕತ್ತೆ. ಇವನು ನನ್ನನ್ನ ನೋಡ್ತಿದ್ದಾನೆ ಕಣ್ರೋ. ಬೇಡ್ಕೊಳ್ತಿದ್ದಾನೆ."

ಮುದುಕಿ ಹೇಳಿದ್ದು ನಿಜವಾಗಿತ್ತು. ಮೇಲೆ ದೇವಮಾತೆಯನ್ನು ನೋಡುತ್ತಿದ್ದ ಕಣ್ಣು, ಕಾಗದ ತಿರುಗಿಸಿದಾಗ ಕೆಳಗೆ ತಿರುಗಿತ್ತು. ದೇವಮಾತೆಯನ್ನು ನೋಡಿದ ನೋಟದಲ್ಲೇ ಬಾಲ್ದೊ ಈಗ ಬಾವಿಯ ಬಳಿ ಕೊಡ ಹಿಡಿದು ನಿಂತವರನ್ನು ನೋಡುತ್ತಿದ್ದ. ಕೆಸರು ನಿಂತಿತು. ಗೋಡೆಯ ಬುಡದಲ್ಲಿ ಯಾರೋ ಮೇಣದ ಬತ್ತಿ ಹಚ್ಚಿಟ್ಟರು.

ಕೊಂಪಾರೆಯ ಮೇಲಿನ ಪ್ರೀತಿಯಿಂದ ನೋಫ್ರಿ ಬೇಕೆಂದೇ ಹಾಗೆ ಬರೆದನೆಂಬುದು ಊರವರ ಕಥೆ. ನಾನು ಅವನನ್ನೇ ಕೇಳಿದ್ದೆ.

"ಸುಣ್ಣ ಒಣಗ್ತಾ ಇತ್ತಮ್ಮ" ಎಂದ.

ರಿನಿಯೇರಿ ಆ ಮುಖ ಕೆರೆಸಿ ತೆಗೆಸಿ ನೋಫ್ರಿಯಿಂದಲೇ ಮತ್ತೆ ಬರೆಸಿದ. ಈ ಸಲ ಸಭೆಯ ಆಳುಗಳು ಏಣಿ ಹಿಡಿದು ನಿಂತಿದ್ದರು. ಕಣ್ಣು ಹೊರಬಂತು, ನಾಲಿಗೆ ಇಳಿಬಿತ್ತು, ಕೆಸರು ಮತ್ತೆ ಹಾರಿತು. ಮಠದ ತಾಯಿ ಮಾತು ಹಿಂತೆಗೆದುಕೊಂಡರು. ಆ ಗೋಡೆ ಬರಿದಾಗಿಯೇ ಉಳಿಯಿತು. ನೋಫ್ರಿ 'ನೇಣಿನ ನೋಫ್ರಿ'ಯಾದ. ಮದುವೆ ಪೆಟ್ಟಿಗೆ, ಮೆರವಣಿಗೆಯ ಬಾವುಟ, ಕುದುರೆಯ ಹೊದಿಕೆ, ಇವಿಷ್ಟೇ ಅವನ ಪಾಲಿಗೆ ಬಂದವು. ಸಂತರನ್ನು ಯಾರೂ ಬರೆಸಲಿಲ್ಲ. ಆದರೂ ಆಗಾಗ ಮಠದ ಅಡುಗೆಯವಳ ಹತ್ತಿರ ಏನೋ ನೆಪ ಹೇಳಿಕೊಂಡು ಒಳಗೆ ಹೋಗಿ ಆ ಗೋಡೆಯನ್ನು ಉಗುರಿನಿಂದ ಕೆರೆದು ಬರುತ್ತಿದ್ದ.

ಕೆಲವು ವರ್ಷ ಕಳೆದು ಊರಿನ ಗಾಳಿ ಬದಲಾಯಿತು. ಗಡೀಪಾರಾದವರು ಹಗಲಿನಲ್ಲೇ ಅದೇ ಹೆಬ್ಬಾಗಿಲಿನಿಂದ ಬಂದರು, ರಿನಿಯೇರಿ ಓಡಿಹೋದ. ಬಾಲ್ದೊ ಹಲ್ಲು ಕಳೆದುಕೊಂಡು, ಮೈ ಬೆಳೆಸಿಕೊಂಡು ಬಂದು ಸಭೆಯ ಮುಖ್ಯಸ್ಥನಾದ. ಸಭಾಭವನದ ಗೋಡೆಯ ಮೇಲಿದ್ದ ತನ್ನ ಚಿತ್ರಕ್ಕೆ ಸುಣ್ಣ ಹೊಡೆಸಿದ ಮೇಲೆ ನೋಫ್ರಿಯ ಮನೆಗೆ ತಾನೇ ಬಂದ. ಮೇಯಾ ದ್ರಾಕ್ಷಾರಸ ತಂದಿಟ್ಟಳು.

"ನನ್ನ ಮೂಗು ನಾಲಿಗೆಗಿಂತ ಚೆನ್ನಾಗಿ ಬಂದಿತ್ತಂತೆ" ಎಂದು ಬಾಲ್ದೊ ನಕ್ಕ. "ಹೆದರಬೇಡ ಕಣೋ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಕೊಂಬೂ ಸೇರಿಸ್ತಿದ್ದೆ. ಮಠದ ಗೋಡೆ ನಿನಗೆ ಕೊಡಿಸ್ತೀನಿ. ತಾಯಿ ಹತ್ರ ಮಾತಾಡಿ ಆಗಿದೆ. ಅದಕ್ಕೆ ಮುಂಚೆ ಸಭಾಭವನದ ಗೋಡೆ ಮೇಲೆ ರಿನಿಯೇರಿಯನ್ನ ಬರಿ. ತಲೆಕೆಳಗೆ."

ನೋಫ್ರಿ ಕಿಟಕಿಗೆ ಹೋದ, ತಿರುಗಿ ಬಂದ, ಮತ್ತೆ ಹೋದ.

"ಅವರ ಮುಖ ನನಗೆ ಗೊತ್ತಿಲ್ಲ ಕೊಂಪಾರೆ."

"ದಿನಾ ನೋಡ್ತಿದ್ದವನಲ್ವೇನೋ!"

"ನೋಡಿದ್ದೀನಿ. ಮೊಣಕಾಲೂರಿದ್ದು ನೋಡಿಲ್ಲ."

"ನನ್ನನ್ನ ಎರಡು ಸಲ ನೇತುಹಾಕಿದೆ. ಅವನನ್ನ ಒಂದು ಸಲ ಆಗಲ್ವಾ?"

"ಎರಡು ಸಲಕ್ಕೇ ಸಾಕಾಯ್ತು."

ಬಾಲ್ದೊ ರಸ ಮುಟ್ಟದೆ ಎದ್ದುಹೋದ. ಮೇಯಾ ಹೂಜಿಯನ್ನು ನೆಲಕ್ಕೆ ಕುಕ್ಕಿದಳು. "ಆ ಗೋಡೆ ಅಂತ ನನ್ನ ಜೀವ ತಿಂದ್ರಲ್ರೀ! ಇವತ್ತು ಕೈಗೆ ಬಂದಿತ್ತಲ್ಲ!" ನೋಫ್ರಿ ಬೀದಿಗಿಳಿದು ನಡೆದ.

ಅರೆತ್ಸೊ ಊರಿನಿಂದ ಬಂದ ಚಿತ್ರಗಾರನೊಬ್ಬ ರಿನಿಯೇರಿಯನ್ನು ಬರೆದ. ಅದು ಮೀನು ಮಾರುವ ಪಿಪ್ಪೊನ ಹಾಗಿದೆಯೆಂದು ಊರೆಲ್ಲ ನಕ್ಕಿತು, ಪಿಪ್ಪೊ ನ್ಯಾಯಾಲಯಕ್ಕೆ ಹೋದ. ಮಠದ ಗೋಡೆಯೂ ಆ ಅರೆತ್ಸೊದವನಿಗೇ ಹೋಯಿತು. ನೋಫ್ರಿ ಅದನ್ನು ನೋಡಲು ಹೋಗಲಿಲ್ಲ.

ಬಲಿಪೀಠದ ಚಿತ್ರವನ್ನು ಸರಿಪಡಿಸೆಂದು ಬಾಲ್ದೊ ಕೇಳಲಿಲ್ಲ, ನೋಫ್ರಿಯೂ ತಾನಾಗಿ ಹೇಳಲಿಲ್ಲ. ಇಬ್ಬರೂ ಸತ್ತಿದ್ದಾರೆ. ನೀಲಿ ಹೊದಿಕೆಯ ದೇವಮಾತೆ ಈಗಲೂ ತಲೆ ಬಗ್ಗಿಸಿ ಮೂಲೆಯ ಕಡೆ ನೋಡುತ್ತಾಳೆ. ಅಲ್ಲಿ ಜೋಡಿಸಿದ ಎರಡು ಕೈಗಳಿವೆ. ಅವುಗಳ ಮೇಲೆ, ಮುಖವಿದ್ದ ಕಡೆ, ಹೆರೆದು ಬಿಳಿಯಾದ ಹಲಗೆ. ಕತ್ತಲೆಯ ಚರ್ಚಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ. ಅದು ಯಾರೆಂದು ನಮ್ಮೂರಿನ ಮಕ್ಕಳು ಬಾಗಿಲಿನಿಂದಲೇ ಹೇಳುತ್ತವೆ.