ದೆವ್ವ ಹೇಳಿದ "ಬರ್ತೀನಿ"

ಆ ದಿನದ ಬೆಳಿಗ್ಗೆಯೂ ಎಲ್ಲ ದಿನಗಳ ಹಾಗೇ ಇತ್ತು. ಹಾಲು ಕಾಯಲಿಟ್ಟು, ಅದು ಉಕ್ಕುವುದರೊಳಗೆ ಬಾಗಿಲಿಗೆ ನಾಲ್ಕೆಳೆ ರಂಗೋಲಿ ಎಳೆದು ಒಳಗೆ ಓಡಿಬಂದೆ. ಹೆಬ್ಬಾಳದ ಫ್ಯಾಕ್ಟರಿ ಬಸ್ಸು ಹಿಡಿಯುವ ಅವಸರದಲ್ಲಿದ್ದ ನಮ್ಮ ಯಜಮಾನರು ನಿಂತುಕೊಂಡೇ ಉಪ್ಪಿಟ್ಟು ತಿಂದು, "ಬರ್ತೀನಿ ಕಣೇ" ಎಂದು ಹೊರಟರು. ಹಿಂದೆಯೇ ಮಗಳು "ಬೈ ಮಾ" ಎಂದಳು. ನಮ್ಮ ಗೇಟಿಗೆ ಎಣ್ಣೆ ಬಿಟ್ಟು ಯಾವ ಕಾಲವಾಯಿತೋ, ಯಾರು ಬಂದರೂ ಹೋದರೂ ಕಿರ್ರೆಂದು ಪಕ್ಕದ ಮನೆಯವರಿಗೂ ವರದಿ ಒಪ್ಪಿಸುತ್ತದೆ. ಇಬ್ಬರೂ ಹೋದ ಸದ್ದಾಯಿತು. ಮನೆ ಖಾಲಿಯಾಯಿತು.

ಟಿವಿಯ ಪಕ್ಕ, ಬೀಗದ ಕೈಗಳನ್ನು ಹಾಕಿಡುವ ಬಟ್ಟಲಲ್ಲಿ, ಒಂದು ಪೆನ್‌ಡ್ರೈವ್ ಇತ್ತು. ಅಟ್ಟದ ಟ್ರಂಕಿನಲ್ಲಿ ಸಿಕ್ಕಿದ ನನ್ನ ಹಳೆಯ ವಿಡಿಯೊ ಕ್ಯಾಸೆಟ್ಟನ್ನು ಮಗಳು ಅಂಗಡಿಗೆ ಕೊಟ್ಟು ಅದಕ್ಕೆ ಹಾಕಿಸಿ ತಂದಿದ್ದಳು. "ಪಿಕ್ಚರ್ ಪರವಾಗಿಲ್ವಂತೆ ಕಣಮ್ಮ, ಸೌಂಡ್ ಮಾತ್ರ ಗ್ಯಾರಂಟಿ ಇಲ್ಲ ಅಂದ್ರು" ಎಂದಿದ್ದಳು. ನನಗೆ ಬೇಕಾದದ್ದು ಆ ಸೌಂಡೇ ಎಂದು ಅವಳಿಗೆ ಹೇಳಲಿಲ್ಲ.

ಪಿಯುಸಿ ಮುಗಿಸಿ ಡಿಗ್ರಿ ಸೇರುವ ಮಧ್ಯೆ ನಾವು ಮೂವರು ಗೆಳತಿಯರು ಒಂದು ಸಿನಿಮಾ ತೆಗೆದಿದ್ದೆವು. ಒಬ್ಬಳ ಸೋದರಮಾವ ಮದುವೆಗಳಿಗೆ ವಿಡಿಯೊ ತೆಗೆಯುತ್ತಿದ್ದರು. ಆಷಾಢದಲ್ಲಿ ಮದುವೆಗಳಿಲ್ಲ, ಕ್ಯಾಮೆರಾ ಬೀರುವಿನಲ್ಲಿ ಸುಮ್ಮನೆ ಕೂತಿತ್ತು. ಅದನ್ನು ಅವಳು ದುಪಟ್ಟಾದಲ್ಲಿ ಸುತ್ತಿಕೊಂಡು, ಎಳೆಮಗುವನ್ನು ಎತ್ತಿಕೊಂಡ ಹಾಗೆ ನಮ್ಮ ಮನೆಗೆ ತಂದಳು. ತೆಗೆಯಬೇಕಾದದ್ದು ದೆವ್ವದ ಕಥೆ, ಕನ್ನಡದಲ್ಲೇ. ಕಾನ್ವೆಂಟಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಿಸ್ಟರ್ ಹುಬ್ಬೇರಿಸುತ್ತಿದ್ದರು. ದೆವ್ವಕ್ಕೆ ಆ ಭಯವಿರಲಿಲ್ಲ.

ಮೊದಲು ಮೂರನೆಯವಳಿಗೆ ಪೌಡರು ಬಳಿದು ದೆವ್ವ ಮಾಡಿದೆವು. ಹಿಟ್ಟಿನ ಗಿರಣಿಯಿಂದ ಎದ್ದು ಬಂದವಳ ಹಾಗೆ ಕಂಡಳು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡ ಮೇಲೆ ಕ್ಯಾಮೆರಾದವಳು ಹೇಳಿದಳು: "ಬುಡ್ರೇ, ದೆವ್ವ ಕಾಣೋದೇ ಬೇಡ. ಕ್ಯಾಮೆರಾನೇ ದೆವ್ವ. ಅದು ನೋಡಿದ್ದೇ ಸಿನಿಮಾ."

ಹೀಗೆ ಅವಳೇ ದೆವ್ವವಾದಳು. ಇಡೀ ಸಿನಿಮಾದಲ್ಲಿ ಅವಳ ಮುಖವಿಲ್ಲ, ಮಾತು ಮಾತ್ರ. ಮರುವರ್ಷ ಕಾಮಾಲೆಯಾಗಿ ತೀರಿಕೊಂಡಳು. ಆಸ್ಪತ್ರೆಯಲ್ಲಿ ಕಡೆಯ ಸಲ ನೋಡಿದಾಗ ಅವಳು ನಿದ್ದೆಯಲ್ಲಿದ್ದಳು; "ಬರ್ತೀನಿ ಕಣೇ" ಎಂದು ಹೇಳಿ ಹೊರಟವಳು ನಾನು. ಅವಳ ಮುಖ ಫೋಟೊಗಳಲ್ಲಿ ಉಳಿದಿದೆ. ದನಿ ಮಾತ್ರ ಯಾವಾಗಲೋ ನನ್ನೊಳಗಿನಿಂದ ಜಾರಿಹೋಗಿತ್ತು. ನೆನೆಸಿಕೊಳ್ಳಲು ಕೂತರೆ ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಒಗೆಯುವುದು, ಒರೆಸುವುದು ಎಲ್ಲ ಮುಗಿಸಿ, ಮಧ್ಯಾಹ್ನ ಟಿವಿಯ ಮುಂದೆ ಕೂತೆ. ಚಿತ್ರ ಬಂತು. ನಮ್ಮ ಹಳೆಯ ಮನೆಯ ನಡುಮನೆ, ಕಿಟಕಿಯಲ್ಲಿ ಅಜ್ಜಿಯ ಕನ್ನಡಕ, ಎರಡು ಜಡೆಯ ನಾನು. ಸದ್ದಿಲ್ಲ. ಬರೀ ಸುಯ್ಯೆನ್ನುವ ಗಾಳಿ. ಸೌಂಡು ಏರಿಸುತ್ತಲೇ ಹೋದೆ, ಕೊನೆಯವರೆಗೂ. ಪರದೆಯ ಅಂಚಿನಿಂದ ಒಂದು ಕೈ ಬಂದು ತಟ್ಟೆಯಲ್ಲಿದ್ದ ಕೋಡುಬಳೆ ಎತ್ತಿಕೊಂಡು ಹೋಯಿತು. ಹೆಬ್ಬೆರಳ ಉಗುರಿನ ಬಣ್ಣ ಅರ್ಧ ಕಿತ್ತುಹೋಗಿತ್ತು. ಇಷ್ಟೇ ಸಿಗುವುದೇನೋ ಅಂದುಕೊಂಡೆ.

ಆಗ ಕ್ಯಾಮೆರಾ ಬಾಗಿಲಿಗೆ ಬಡಿಯಿತು. ಎಲ್ಲಿ ಸಿಕ್ಕಿಹಾಕಿಕೊಂಡಿತ್ತೋ ಏನೋ, ಸದ್ದು ಒಮ್ಮೆಲೇ ಹೊರಗೆ ಬಿತ್ತು.

"ಲೇ, ಯಾಕೇ ನನ್ನೇ ನೋಡ್ತೀಯ? ನಾನಿಲ್ಲಿ ಇಲ್ಲ ಕಣೇ!"

ಸ್ವಲ್ಪ ಒಡಕು ದನಿ. ಕೊನೆಯಲ್ಲಿ ನಗು ತಡೆದುಕೊಂಡ ಉಸಿರು. ಅವಳೇ.

ಕೊನೆಯ ದೃಶ್ಯದಲ್ಲಿ ದೆವ್ವ ಆ ಮನೆಯನ್ನು ಶಾಶ್ವತವಾಗಿ ಬಿಟ್ಟುಹೋಗಬೇಕು. ಹೊಸ್ತಿಲಲ್ಲಿ ನಿಂತು "ಹೋಗ್ತೀನಿ" ಎಂದಳು. ಒಳಗಿನಿಂದ ನಮ್ಮಜ್ಜಿಯ ಕೂಗು: "ಬಿಡ್ತು ಅನ್ನೇ! ತುಂಬಿದ ಮನೇಲಿ ನಿಂತು ಹೋಗ್ತೀನಿ ಅಂತಾರೇನೇ? ಬರ್ತೀನಿ ಅನ್ನು!"

"ಅಜ್ಜೀ, ದೆವ್ವ ಅಜ್ಜೀ. ಮತ್ತೆ ಬರಬಾರದು ಅದು."

"ದೆವ್ವ ಆದ್ರೇನು, ಹೆಣ್ಣುಮಗು ತಾನೇ? ಬರ್ತೀನಿ ಅಂದೇ ಹೋಗ್ಲಿ."

ಸರಿ, ದೆವ್ವ "ಬರ್ತೀನಿ" ಎಂದಿತು. ಕಥೆಯ ಪ್ರಕಾರ ನನಗೆ ದೆವ್ವದ ಮಾತು ಕೇಳಿಸಬಾರದು. ಆದರೆ ನಮ್ಮ ಮನೆಯಲ್ಲಿ ಬರ್ತೀನಿ ಎಂದವರನ್ನು ಉತ್ತರ ಕೊಡದೆ ಕಳಿಸಿದವರುಂಟೇ? ಕ್ಯಾಮೆರಾದ ಕಡೆ ತಿರುಗಿ, "ಹ್ಞೂಂ, ಹೋಗ್ಬಾ" ಎಂದುಬಿಟ್ಟೆ. ಅವಳು ಮತ್ತೆ ತೆಗೆದಳು, ಮತ್ತೆ ಅದೇ. ಇನ್ನೊಮ್ಮೆಯೂ ಅದೇ. ಕಡೆಗೆ ಅವಳೇ ಸೋತಳು. "ಹಂಗೇ ಇರ್ಲಿ ಬುಡು. ದೆವ್ವಕ್ಕೂ ಹೋಗ್ಬಾ ಅನ್ನೋರು ಒಬ್ರು ಬೇಕಲ್ಲ."

ಚಿತ್ರ ಅಲ್ಲಿಗೆ ನಿಂತಿತು. ನಾನು ಹಿಂದಕ್ಕೆ ಹಾಕಿದೆ. "ಬರ್ತೀನಿ." ಮತ್ತೆ ಹಾಕಿದೆ. ಎಷ್ಟು ಸಲ ಕೇಳಿದೆನೋ. ಒಂದು ಸಲ, ಟಿವಿಯೊಳಗಿನ ಎರಡು ಜಡೆಯ ಹುಡುಗಿ ಬಾಯಿ ತೆರೆಯುವ ಮುಂಚೆಯೇ, ಸೋಫಾದ ಮೇಲಿದ್ದ ನಾನು "ಹ್ಞೂಂ" ಎಂದೆ. ಮುಂದಿನದನ್ನು ಹೇಳಲಾಗಲಿಲ್ಲ. ಹೇಳಿದರೆ ಹೊರಟುಬಿಡುತ್ತಾಳೆ ಅನಿಸಿತು. ಟಿವಿ ಆರಿಸಿದ ಮೇಲೂ ಅಡುಗೆಮನೆಗೆ ಹೋಗುವಾಗ, ಯಾರೋ ಬೆನ್ನ ಹಿಂದೆ ನಿಂತು ನಾನು ಮಾಡುವುದನ್ನೆಲ್ಲ ನೋಡುತ್ತಿರುವ ಹಾಗಿತ್ತು. ನಾನು ತಿರುಗಲಿಲ್ಲ. ನೋಡಬೇಡ ಎಂದವಳು ಅವಳೇ ತಾನೇ?

ಸಂಜೆ ಒಣಗಿದ ಬಟ್ಟೆ ತೆಗೆಯಲು ಹೊರಗೆ ಬಂದೆ. ಕಾಂಪೌಂಡಿನ ಆಚೆ ಪಕ್ಕದ ಮನೆಯಾಕೆ ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ, ತಲೆಯನ್ನೂ ಎತ್ತದೆ ಹೇಳಿದರು:

"ಮಧ್ಯಾಹ್ನ ಯಾರೋ ಉಡ್ಗಿ ಬಂದಿತ್ತಲ್ಲ ಕಣಮ್ಮ ನಿಮ್ಮನೇಗೆ? ಬರ್ತೀನಿ ಬರ್ತೀನಿ ಅಂತ ಅದೆಷ್ಟು ಸಲ ಅಂತು ಪಾಪ. ಗೇಟು ಸದ್ದೇ ಆಗ್ಲಿಲ್ಲ. ಊಟಕ್ಕೆ ಉಳಿಸ್ಕೊಂಬುಟ್ರಾ?"