ರಕ್ತ ತೆಗೆಯುವ ಮೊದಲೇ ಬಂದ ರಿಪೋರ್ಟು

ಮಧುಗಿರಿಯಲ್ಲಿ ನನ್ನ ಕೆಲಸ ಏನು ಅಂತ ಯಾರಿಗಾದರೂ ವಿವರಿಸುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಕೆಳಗಿನ ಮನೆಯ ಓನರಮ್ಮ ಮೊದಮೊದಲು ಕೇಳುತ್ತಿದ್ದರು. "ಕಂಪ್ಯೂಟರ್ ರಿಪೇರಿ ಮಾಡ್ತೀಯೇನಮ್ಮ?" ಅಲ್ಲ ಅಂದೆ. "ಮತ್ತೆ ದಿನಾ ಮೂರು ಕಂಪ್ಯೂಟ್ರು ಮುಂದೆ ಕೂತ್ಕೊಂಡು ಏನ್ ಮಾಡ್ತೀಯ?" ಬೇರೆಯವರು ಬರೆದ ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತೀನಿ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅಂಗಾದ್ರೆ ನಮ್ಮತ್ತೆಗೆ ಎಷ್ಟ್ ಸಂಬ್ಳ ಬರ್ಬೇಕಾಗಿತ್ತು ಕಣಮ್ಮ" ಅಂದರು. ನಕ್ಕೆ. ಆಮೇಲೆ ಮೇಲೆ ಬಂದು ಬಾಗಿಲು ಹಾಕಿಕೊಂಡೆ.

ನನಗಾಗ ಐವತ್ತೊಂದು. ಗಂಡ ಹೋಗಿ ಮೂರು ವರ್ಷವಾಗಿತ್ತು. ಅವರು ಪುರವರದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು, ದಿನಾ ಬಸ್ಸಿನಲ್ಲೇ ಹೋಗಿ ಬರುತ್ತಿದ್ದರು. ಮಕ್ಕಳಿಲ್ಲ. ತುಮಕೂರಿನ ಒಂದು ಸಣ್ಣ ಕಂಪನಿಗೆ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಕೆಲಸವೆಲ್ಲ ಮೇಲ್‌ನಲ್ಲಿ ಬರುತ್ತಿತ್ತು, ಉತ್ತರವೂ ಮೇಲ್‌ನಲ್ಲೇ ಹೋಗುತ್ತಿತ್ತು. ಕೆಲವು ದಿನ ಸಂಜೆ ಅಂಗಡಿಯಲ್ಲಿ "ಅರ್ಧ ಲೀಟರ್ ಹಾಲು" ಅಂದಾಗ ನನ್ನ ದನಿ ನನಗೇ ಗೊಗ್ಗರಾಗಿ ಕೇಳುತ್ತಿತ್ತು. ಬೆಳಗಿನಿಂದ ಅದೇ ಮೊದಲ ಮಾತಾಗಿರುತ್ತಿತ್ತು.

ನಾನು ಪರೀಕ್ಷೆ ಮಾಡುತ್ತಿದ್ದದ್ದು ರಕ್ತಪರೀಕ್ಷೆಯ ಲ್ಯಾಬುಗಳಿಗಾಗಿ ಬರೆದ ಪ್ರೋಗ್ರಾಂ. ಒಬ್ಬರೇ ಡಾಕ್ಟರಿಗೆ ಸೇರಿದ ಮೂರು ಲ್ಯಾಬುಗಳು, ಶಿರಾ, ಕೊರಟಗೆರೆ, ಪಾವಗಡ, ಅದನ್ನು ಬಳಸುತ್ತಿದ್ದವು. ಎಲ್ಲ ಕಡೆಯೂ ಎರಡು ಕಂಪ್ಯೂಟರ್. ಮುಂದಿನ ಮೇಜಿನ ಮೇಲೆ ಹಳೆಯದು. ರಕ್ತ ತೆಗೆದ ಕೂಡಲೇ ಅದರಲ್ಲಿ ಒಂದು ಗುಂಡಿ ಒತ್ತಬೇಕು. ಒಳಗಿನ ಕೋಣೆಯಲ್ಲಿ ಹೊಸದು. ಪರೀಕ್ಷೆ ಮುಗಿದ ಮೇಲೆ ಫಲಿತಾಂಶವನ್ನು ಅದರಲ್ಲಿ ತುಂಬಬೇಕು. ಎರಡೂ ಕೆಲಸದ ಹೊತ್ತನ್ನು ಆಯಾ ಕಂಪ್ಯೂಟರೇ ಬರೆದುಕೊಳ್ಳುತ್ತಿತ್ತು. ಹಳೆಯದರಲ್ಲಿ ಇದ್ದದ್ದು ಆಪರೇಟಿಂಗ್ ಸಿಸ್ಟಮ್‌ನ ಹಳೆಯ ಆವೃತ್ತಿ, ನಾವು ಸೆವೆನ್ ಅನ್ನುತ್ತಿದ್ದೆವು. ಹೊಸದರಲ್ಲಿ ಇಲೆವೆನ್.

ಪಾವಗಡದಿಂದ ದೂರು ಬಂತು. ಅಲ್ಲಿನ ಕೆಲವು ರಿಪೋರ್ಟುಗಳಲ್ಲಿ ರಕ್ತ ತೆಗೆದದ್ದು ಹತ್ತೂ ಇಪ್ಪತ್ತಕ್ಕೆ, ಫಲಿತಾಂಶ ಬಂದದ್ದು ಹತ್ತೂ ಹದಿನೈದಕ್ಕೆ. ರಕ್ತ ಮೈಯೊಳಗೆ ಇರುವಾಗಲೇ ರಿಪೋರ್ಟು ತಯಾರು. ಕಂಪನಿ ನಡೆಸುವ ಹುಡುಗ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಅಪರೂಪಕ್ಕೆ ಫೋನ್ ಮಾಡಿದ.

"ಮೇಡಂ, ಅಲ್ಲಿ ಒಬ್ರೇ ಹೆಂಗಸು ಲ್ಯಾಬ್ ನೋಡ್ಕೊಳ್ಳೋದು. ಆಕೆ ಪರೀಕ್ಷೆನೇ ಮಾಡದೆ ರಿಪೋರ್ಟ್ ಬರೀತಾಳೆ ಅಂತ ಡಾಕ್ಟರಿಗೆ ಅನುಮಾನ. ಪ್ರೋಗ್ರಾಂ ತಪ್ಪಾ, ಆಕೆ ತಪ್ಪಾ ನೀವು ನೋಡಿ ಹೇಳ್ಬೇಕು. ಪ್ರೋಗ್ರಾಂ ಸರಿ ಇದೆ ಅಂದ್ರೆ ಆಕೆನ್ನ ತೆಗೀತಾರೆ."

ಒಬ್ಬಳ ಅನ್ನ ನನ್ನ ಕೈಲಿದೆ ಅಂತ ಆ ಕ್ಷಣಕ್ಕೆ ಅನ್ನಿಸಿತು. ಆದರೆ ಸತ್ಯ ಹೇಳಬೇಕು, ಮೂರು ದಿನಕ್ಕೆಲ್ಲ ಆಕೆಯನ್ನು ಮರೆತೇ ಬಿಟ್ಟೆ. ಮುಂದೆ ಉಳಿದದ್ದು ಕಂಪ್ಯೂಟರುಗಳು ಮಾತ್ರ.

ಮೊದಲು ಸೆವೆನ್ ಒಂದರಲ್ಲೇ ಎಲ್ಲ ಮಾಡಿದೆ, ಸರಿಯಾಗಿತ್ತು. ಇಲೆವೆನ್‌ನಲ್ಲೇ ಎಲ್ಲ ಮಾಡಿದೆ, ಸರಿ. ಸೆವೆನ್‌ನಲ್ಲಿ ರಕ್ತ, ಇಲೆವೆನ್‌ನಲ್ಲಿ ಫಲಿತಾಂಶ ಹಾಕಿದೆ. ಬಂತು ನೋಡಿ ತಪ್ಪು. ಫಲಿತಾಂಶ ಎಂಟೊಂಬತ್ತು ನಿಮಿಷ ಹಿಂದೆ. ಸಿಕ್ಕಿಬಿತ್ತು ಕಳ್ಳ ಅಂದುಕೊಂಡು ಅದನ್ನೇ ಇನ್ನೊಮ್ಮೆ ಮಾಡಿದೆ. ನಡುವೆ ಕಾಫಿ ಮಾಡಿಕೊಂಡು ಕುಡಿದು ಬಂದಿದ್ದೆ. ಈ ಸಲ ಸರಿಯಾಗಿತ್ತು. ಮತ್ತೆ ಮಾಡಿದೆ, ತಪ್ಪು. ಎರಡನ್ನೂ ಅದಲು ಬದಲು ಮಾಡಿದೆ, ಸರಿ. ನನಗೆ ಸಿಟ್ಟು ಬಂದರೆ ಪಾತ್ರೆ ಉಜ್ಜುತ್ತೇನೆ. ಆ ವಾರ ಮನೆಯ ಪಾತ್ರೆಗಳೆಲ್ಲ ಫಳಫಳ ಹೊಳೆಯುತ್ತಿದ್ದವು.

ಗಡಿಯಾರ ನೋಡಿದೆಯಾ ಅಂತ ನೀವು ಕೇಳಬಹುದು. ಅಷ್ಟು ದಡ್ಡಿಯಲ್ಲ ನಾನು. ನೋಡಿದೆ. ನನ್ನ ಸೆವೆನ್ ಹಳೇ ಮಾಲು, ಒಳಗಿನ ಬ್ಯಾಟರಿ ಸತ್ತಿತ್ತು, ಇಂಟರ್ನೆಟ್ಟೂ ಇರಲಿಲ್ಲ. ಆರಿಸಿ ಹಚ್ಚಿದಾಗಲೆಲ್ಲ ಗೋಡೆ ಗಡಿಯಾರ ನೋಡಿ ಕೈಯಾರೆ ಹೊತ್ತು ಹಾಕಬೇಕಾಗಿತ್ತು. ತಲೆಯೆತ್ತಿ ಗೋಡೆ ನೋಡಿದೆ, ತಗ್ಗಿಸಿ ಸೆವೆನ್ ನೋಡಿದೆ. ಎರಡೂ ಒಂದೇ ಹೊತ್ತು ತೋರಿಸುತ್ತಿದ್ದವು. ಗಡಿಯಾರದ ತಪ್ಪಲ್ಲ ಅಂತ ಹಾಳೆಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಸೆವೆನ್‌ನದ್ದೇ ದೋಷ ಅನ್ನೋಣ ಅಂದರೆ ಶಿರಾ ಅಡ್ಡ ಬಂತು. ಅಲ್ಲಿಯೂ ಮುಂದಿನ ಮೇಜಿಗೆ ಸೆವೆನ್ನೇ. ಅಲ್ಲಿನ ಒಂದು ತಿಂಗಳ ರಿಪೋರ್ಟು ತರಿಸಿಕೊಂಡು ಜಾಲಾಡಿದೆ, ಒಂದೇ ಒಂದು ತಪ್ಪಿಲ್ಲ. ಕೊರಟಗೆರೆಯದ್ದೂ ಹಾಗೇ. ಅದೇ ಆವೃತ್ತಿ, ಅದೇ ಪ್ರೋಗ್ರಾಂ, ಪಾವಗಡದಲ್ಲಿ ಮಾತ್ರ ತಪ್ಪು, ನನ್ನ ಮನೆಯಲ್ಲಿ ಒಮ್ಮೆ ತಪ್ಪು ಒಮ್ಮೆ ಸರಿ. ಮೂರನೇ ವಾರಕ್ಕೆ ತಲೆ ಕೆಟ್ಟು ಕೆರ ಹಿಡಿದುಹೋಯಿತು. ಹುಡುಗ ದಿನಕ್ಕೆರಡು ಮೇಲ್ ಕಳಿಸುತ್ತಿದ್ದ. ನನ್ನ ಹಳೇ ಡಬ್ಬವೇ ಕೆಟ್ಟಿರಬೇಕು ಅಂತ ನನ್ನ ಮನೆಯಲ್ಲಿ ಬಂದ ತಪ್ಪುಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಒಂದು ಶುಕ್ರವಾರ ಎರಡು ಸಾಲು ಬರೆದು ಕಳಿಸಿ ಕೈ ತೊಳೆದುಕೊಂಡೆ. ಪ್ರೋಗ್ರಾಂನಲ್ಲಿ ದೋಷ ಕಂಡುಬಂದಿಲ್ಲ. ಪಾವಗಡದಲ್ಲಿ ಬಳಸುವವರ ತಪ್ಪಿರಬಹುದು.

'ಇರಬಹುದು' ಅಂತ ಬರೆದಿದ್ದೆನಲ್ಲ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಓದುವವರು ಆ ಪದವನ್ನು ಓದುವುದಿಲ್ಲ ಅಂತ ನನಗೆ ಗೊತ್ತಿತ್ತು.

ಮುಂದಿನ ವಾರ ಪ್ರೋಗ್ರಾಂನ ಹೊಸ ಅಪ್‌ಡೇಟ್ ಹಾಕಿ ಬರಲು ಕೊರಟಗೆರೆಗೆ ಹೋದೆ. ಲ್ಯಾಬಿನಾತ ವಯಸ್ಸಾದವರು, ಬೆಳಿಗ್ಗೆ ಬಂದ ರಕ್ತವನ್ನೆಲ್ಲ ಒಟ್ಟು ಮಾಡಿಕೊಂಡು ಮಧ್ಯಾಹ್ನ ಒಂದೇ ಸಲ ಪರೀಕ್ಷೆಗೆ ಕೂರುವವರು. ಕೆಲಸ ಮುಗಿಸಿ ಅಲ್ಲಿನ ಗೋಡೆ ಗಡಿಯಾರ ನೋಡಿ, ಬಸ್ಸು ತಪ್ಪಿತು ಅಂತ ಗಡಬಡಿಸಿ ಚೀಲ ಎತ್ತಿಕೊಂಡೆ.

"ಕೂತ್ಕಳಮ್ಮ, ಯಾಕಂಗೆ ಗಾಬರಿ ಬೀಳ್ತೀಯ? ಅದು ಹತ್ತು ನಿಮಿಷ ಮುಂದೈತೆ. ಬಸ್ಸಿಗೆ ಅಂತ ಮುಂದಿಟ್ಟಿರೋದು."

"ಕಂಪ್ಯೂಟರಲ್ಲೂ ಅದೇ ಟೈಮಿದೆಯಲ್ಲ?"

"ಅದ್ಕೂ ಇದನ್ನ ನೋಡ್ಕಂಡೇ ಹಾಕೋದು. ಒಳಗಿನ ಕಂಪ್ಯೂಟ್ರಾದ್ರೆ ಇಂಟರ್ನೆಟ್ಟಿಂದ ತಾನೇ ಹಾಕ್ಕತದೆ."

ನಾನು ಕೂತುಬಿಟ್ಟೆ. ಕೊರಟಗೆರೆಯಲ್ಲೂ ತಪ್ಪು ಇತ್ತು. ಗಂಟೆಗಟ್ಟಲೆ ತಡ ಮಾಡಿ ಪರೀಕ್ಷೆಗೆ ಕೂರುವುದರಿಂದ ಆ ಹತ್ತು ನಿಮಿಷ ಅದರಲ್ಲಿ ಮುಚ್ಚಿಹೋಗುತ್ತಿತ್ತು. ನಾನು ಕಾಫಿ ಕುಡಿದು ಬಂದಾಗ ಸರಿಯಾದದ್ದೂ ಹಾಗೆಯೇ. ಆಮೇಲೆ ನಮ್ಮ ಮನೆಯ ಗೋಡೆ ನೆನಪಾಯಿತು. ಪುರವರದ ಬಸ್ಸು ತಪ್ಪಬಾರದು ಅಂತ ಇವರು ನಮ್ಮ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟಿದ್ದರು. ಇಪ್ಪತ್ತೆರಡು ವರ್ಷ ಅದನ್ನೇ ನೋಡಿ ಅನ್ನಕ್ಕಿಟ್ಟಿದ್ದೆ. ಅವರು ಹೋದ ಮೇಲೂ ಎರಡು ಸಲ ಸೆಲ್ ಬದಲಿಸಿದ್ದೆ, ಎರಡು ಸಲವೂ ಹತ್ತು ನಿಮಿಷ ಮುಂದಿಟ್ಟೇ ಮತ್ತೆ ಮೊಳೆಗೆ ಹಾಕಿದ್ದೆ, ಯಾಕೆ ಅಂತ ಯೋಚಿಸಿಯೇ ಇರಲಿಲ್ಲ. ಯಾವ ಬಸ್ಸಿಗೆ ಹೋಗಬೇಕಾಗಿತ್ತು ಆ ಮನೆಯಲ್ಲಿ ಯಾರಾದರೂ? ಆ ಲ್ಯಾಬಿನವರ ಎದುರೇ ಕಣ್ಣೀರು ಬಂದುಬಿಟ್ಟಿತು. ಧೂಳು ಅಂದೆ.

ಮಾರನೆಯ ದಿನ ಬೆಳಿಗ್ಗೆಯೇ ಶಿರಾಕ್ಕೆ ಹೋದೆ. ಎಲ್ಲ ಸರಿಯಿದ್ದ ಲ್ಯಾಬು ಯಾಕೆ ಸರಿಯಿತ್ತು ಅಂತಲೂ ತಿಳಿಯದೆ ಮತ್ತೊಮ್ಮೆ ಬರೆಯುವ ಧೈರ್ಯ ಇರಲಿಲ್ಲ. ಅಲ್ಲಿನ ಸಾಹೇಬರು ಮುಂದಿನ ಮೇಜಿನ ಕಂಪ್ಯೂಟರಿಗೆ ದಿನಾ ತಾವೇ ಹೊತ್ತು ಹಾಕುತ್ತಿದ್ದರು. "ನಮ್ದು ಟೈಮ್ ಬರಾಬರ್ ಮೇಡಂ," ಅಂದು ಮೊಬೈಲ್ ತೋರಿಸಿದರು. "ದಿನಕ್ಕೆ ಐದು ಸಲ ನಮಾಜ್ ಟೈಮ್ ನೋಡ್ಬೇಕು. ಮುಂದೆ ಹಿಂದೆ ಇಟ್ರೆ ನಮ್ಗೇ ಕಷ್ಟ." ಅಷ್ಟೇ ಕಾರಣ. ಆವೃತ್ತಿಯೂ ಅಲ್ಲ, ಮಣ್ಣೂ ಅಲ್ಲ.

ಶಿರಾ ಬಸ್ ಸ್ಟ್ಯಾಂಡಿನಿಂದಲೇ ಹುಡುಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆತ "ಮೇಡಂ, ಆಕೆನ್ನ ಮೊನ್ನೆ ಸೋಮವಾರವೇ ಬರಬೇಡ ಅಂದ್ಬಿಟ್ರು" ಅಂದ. ಡಾಕ್ಟರಿಗೆ ಈಗಿಂದೀಗಲೇ ಹೇಳು, ನಾನು ಬರೆದದ್ದು ತಪ್ಪು ಅಂತ ಹೇಳು ಅಂದೆ. ಸಂಜೆಯೊಳಗೆ ಉತ್ತರ ಬಂತು. ಮುಂದಿನ ಸೋಮವಾರದಿಂದ ಬರಬಹುದಂತೆ. ಅದನ್ನು ಆಕೆಗೆ ನಾನೇ ಹೋಗಿ ಹೇಳುತ್ತೇನೆ ಅಂದೆ. ಅಷ್ಟಾದರೂ ಮಾಡದಿದ್ದರೆ ಹೇಗೆ.

ಆಕೆಯ ಊರು ವಳ್ಳೂರು. ಪಾವಗಡದಲ್ಲಿ ಬಸ್ಸು ಬದಲಿಸಿ ಹೋದೆ. ಊರಿನ ಸುತ್ತ ಕಣ್ಣು ಹಾಯುವವರೆಗೂ ಸೋಲಾರ್ ಹಲಗೆಗಳು. ಬಸ್ಸಿನಿಂದ ಇಳಿದವಳು ನಾನೊಬ್ಬಳೇ. ಮನೆ ಕೇಳಿಕೊಂಡು ಹೋದಾಗ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಜಗುಲಿಯ ಮೇಲೆ ಕಡ್ಲೆಕಾಯಿ ಬಿಡಿಸುತ್ತಿದ್ದಳು. "ಎವರು ಕಾವಾಲ ಅಕ್ಕ?" ಅಂತ ತೆಲುಗಿನಲ್ಲೇ ಕೇಳಿದಳು. ನೀವೇ ಬೇಕು ಅಂದೆ. ನಾನು ಯಾರು ಅಂತ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ, ಚಾಪೆ ಹಾಸಿದಳು, ನೀರು ತಂದಿಟ್ಟಳು. ಅವಳ ಎಡಗೈಯಲ್ಲಿ ವಾಚು ಇತ್ತು. ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ.

"ಹೂಂ ಅಕ್ಕ, ಹತ್ತು ನಿಮಿಷ ಮುಂದಿಟ್ಕೊಂಡಿವ್ನಿ. ನಮ್ಮೂರಿಗೆ ಸಂಜೆ ಒಂದೇ ಬಸ್ಸು. ಬೆಳಿಗ್ಗೆ ಕಂಪ್ಯೂಟ್ರಿಗೂ ಇದೇ ಟೈಮು ಹಾಕ್ತೀನಿ. ಎಲ್ರೂ ಅಂಗೇ ಅಲ್ವಾ?"

"ಫಲಿತಾಂಶ ಅಷ್ಟು ಬೇಗ ಹೆಂಗೆ ಕೊಡ್ತಿದ್ರಿ?"

"ಶುಗರು, ರಕ್ತ ಎಷ್ಟೈತೆ ಅನ್ನೋದು, ಇವೆಲ್ಲ ಐದು ನಿಮಿಷದ ಕೆಲ್ಸ. ದೂರದಿಂದ ಬಂದಿರ್ತಾರೆ, ಕೂರಿಸ್ಕೊಂಡು ಏನ್ ಮಾಡ್ಲಿ? ಅವ್ರಿಗೂ ಬಸ್ಸಿರ್ತದೆ."

ಬೇಗ ಕೊಟ್ಟದ್ದೇ ಅವಳ ತಪ್ಪಾಗಿತ್ತು. ಕೊರಟಗೆರೆಯವರ ಹಾಗೆ ಜನರನ್ನು ಮಧ್ಯಾಹ್ನದವರೆಗೆ ಕಾಯಿಸಿದ್ದರೆ ಅವಳ ಮೇಲೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಸೋಮವಾರದಿಂದ ಬರಬಹುದಂತೆ ಅಂದೆ. ನಾನು ಬರೆದದ್ದು ತಪ್ಪು, ಮೂರು ವಾರ ಕೂತು ನೋಡಿದರೂ ನನಗೆ ಕಾಣಲಿಲ್ಲ ಅಂತಲೂ ಅಂದೆ. ಅವಳ ಮುಖ ಅರಳಲಿಲ್ಲ. ಕಡ್ಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದಳು, ಅಷ್ಟೇ.

"ಬತ್ತೀನಿ, ಕೆಲ್ಸ ಬೇಕಲ್ಲ. ಆದ್ರೆ ರಕ್ತ ನೋಡ್ದಲೇ ಬರೀತಾಳೆ ಅಂತ ಊರೆಲ್ಲ ಆಗೋಯ್ತು ಅಕ್ಕ. ನಮ್ಮೂರ ಬಸುರಿ ಹೆಂಗುಸ್ರು ನನ್ನ ಕೈಲೇ ಚುಚ್ಚಿಸ್ಕೊಳ್ಳೋಕೆ ಅಂತ ಪಾವಗಡಕ್ಕೆ ಬರ್ತಿದ್ರು. ಈಗ ನನ್ನ ಕಂಡ್ರೆ ಆ ಕಡೆ ತಿರುಗ್ತಾರೆ."

ಅವಳೇ ಮುಂದುವರಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳುವಂತಿತ್ತು.

"ಮೂರು ವಾರ ಮಿಷಿನ್ನೇ ನೋಡಿದ್ರಿ ಅಂತೀರ. ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ ಅಕ್ಕ? ಒಂದು ನಿಮಿಷದಾಗೆ ಹೇಳ್ತಿದ್ದೆ."

"ನಿಮ್ಮ ನಂಬರು ನನ್ನ ಹತ್ರ ಇರಲಿಲ್ಲ ಕಣಮ್ಮ" ಅಂದೆ.

ಇತ್ತು. ಮೊದಲ ದಿನ ಬಂದ ದೂರಿನ ಹಾಳೆಯಲ್ಲಿ, ಮೊದಲ ಸಾಲಿನಲ್ಲೇ, ಅವಳ ಹೆಸರಿನ ಪಕ್ಕದಲ್ಲೇ ಇತ್ತು. ಮೂರು ವಾರ ದಿನಾ ಕಣ್ಣೆದುರು ಇತ್ತು. ಅದನ್ನು ಒತ್ತಿದರೆ ಆ ಕಡೆ ಒಬ್ಬಳು ಮಾತಾಡುತ್ತಾಳೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

"ಅಯ್ಯೋ, ಅಂಗಾ? ಬರ್ಕೊಳ್ಳಿ ಅಕ್ಕ" ಅಂದು ಅವಳು ನಂಬರು ಹೇಳತೊಡಗಿದಳು. ನಾನು ಫೋನ್ ತೆಗೆದು ಒಂದೊಂದೇ ಅಂಕಿ ಒತ್ತಿಕೊಂಡೆ.